ಎರಡು ಬಿಳಿ ಸೇವಂತಿಗೆ

ಐದು ಹೂ ಕತ್ತರಿಸಿದ್ದಳು. ತಟ್ಟೆಯಲ್ಲಿ ಈಗ ಮೂರೇ ಇದ್ದವು.

ನೀಲಮ ಮತ್ತೊಮ್ಮೆ ಎಣಿಸಿದಳು. ಹಳದಿ ಸೇವಂತಿಗೆ ಮೂರು. ಬಿಳಿಯವೆರಡೂ ಇಲ್ಲ. ಹಿತ್ತಲ ನಲ್ಲಿಯ ಬಳಿ ತಾನೇ ಕತ್ತರಿಸಿ, ಉದ್ದನೆಯ ಸ್ಟೀಲ್ ತಟ್ಟೆಯಲ್ಲಿ ಒಂದೇ ಸಾಲಿಗೆ ಜೋಡಿಸಿ, ತಾನೇ ಒಳಗೆ ತಂದು ಮೇಜಿನ ಮೇಲಿಟ್ಟಿದ್ದಳು. ನೋಟ್‌ಬುಕ್ಕಿನಲ್ಲಿ ಬರೆದೂ ಇದ್ದಳು: ಬಿಳಿ ಎರಡು, ಹಳದಿ ಮೂರು. ಹೋದ ಭಾನುವಾರವೂ ಹೂ ಕಡಿಮೆಯಾಗಿತ್ತು. ಅದಕ್ಕೇ ಈ ಸಲ ಬರೆದಿಟ್ಟಿದ್ದು.

ಎಡಕ್ಕೆ ಕುಳಿತವಳು ಸೋನಾಲಿ. ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದು ಕೂರುವವಳು. ಬಾಯಿ ಬಿಟ್ಟಾಗಲೇ ಅವಳಿದ್ದಾಳೆಂದು ತಿಳಿಯುವುದು.

ಚಿಕ್ಕೋಡಿಯ ಆ ಮನೆ ದ್ರೌಪದಿಬಾಯಿಯದು. ಫೌಜಿ ಗಂಡನೊಂದಿಗೆ ಪುಣೆಯಲ್ಲಿದ್ದಾಗ ಜಪಾನಿನ ಹೂಜೋಡಣೆ ಇಕೆಬಾನಾ ಕಲಿತು ಬಂದವರು. ಅಗಲವಾದ ಬಟ್ಟಲು, ಅದರೊಳಗೆ ಹಿತ್ತಾಳೆ ಮುಳ್ಳುಗಳ ಭಾರದ ಬಿಲ್ಲೆ, ಆ ಮುಳ್ಳಿಗೆ ಚುಚ್ಚಿ ನಿಲ್ಲಿಸಿದ ಒಂದು ಟೊಂಗೆ, ನಾಲ್ಕೈದು ಹೂ. ಭಾನುವಾರ ಹತ್ತಕ್ಕೆ ಶುರು. ಮುಗಿಯುವವರೆಗೆ ಮಾತಿಲ್ಲ, ಪಕ್ಕದವರ ತಟ್ಟೆಯ ಕಡೆ ನೋಡುವಂತೆಯೂ ಇಲ್ಲ. ಕಳ್ಳರಿಗೆ ಇದಕ್ಕಿಂತ ಅನುಕೂಲದ ನಿಯಮ ಬೇರೆ ಇರಲಾರದು ಎಂದು ನೀಲಮಳಿಗೆ ಈಚೆಗೆ ಅನ್ನಿಸತೊಡಗಿತ್ತು.

ಮೂರು ವರ್ಷ ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ಏಕಸಂಬಿಯ ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ಎದ್ದು, ಕಾಲೇಜಿನ ಭೌತಶಾಸ್ತ್ರದ ಪಾಠಕ್ಕೆ ಮೊದಲು ಒಂದು ಬಟ್ಟಲು ಮುಗಿಸುತ್ತಿದ್ದಳು. ದೂಧಗಂಗೆಯ ದಂಡೆಯ ಜೊಂಡು, ಕಬ್ಬಿನ ಸೂಲಂಗಿ ಹೂ, ಬೇಲಿಯ ಎಕ್ಕೆ, ಕೈಗೆ ಏನು ಸಿಕ್ಕರೆ ಅದು. ಟೊಂಗೆಯ ಉದ್ದ, ಬಾಗಿದ ಕೋನ, ಎಲ್ಲವೂ ನೋಟ್‌ಬುಕ್ಕಿನಲ್ಲಿ.

ಮುಂದಿನ ಭಾನುವಾರ ಬೆಳಗಾವಿಯಲ್ಲಿ ಪ್ರದರ್ಶನ. ಈ ಗುಂಪಿನಿಂದ ಒಬ್ಬರೇ. ಯಾರೆಂದು ದ್ರೌಪದಿಬಾಯಿ ಇವತ್ತು ಹೇಳಲಿದ್ದರು.

ಎರಡು ತಿಂಗಳಿಂದ ಏನೂ ನೆಟ್ಟಗಿರಲಿಲ್ಲ. ಉತ್ತರ ಪತ್ರಿಕೆಯಲ್ಲಿ ಅರ್ಧ ಪುಟ ತಿದ್ದಿಯೇ ಇಲ್ಲವೆಂದು ಹುಡುಗಿಯರು ಪ್ರಿನ್ಸಿಪಾಲರ ತನಕ ಹೋಗಿದ್ದರು. ಆಮೇಲೆ ಬರೆದು ಸೇರಿಸಿದ್ದಾರೆ ಎಂದು ನೀಲಮ ವಾದಿಸಿದ್ದಳು. ಸ್ಕೂಟರಿನ ಎಡಗನ್ನಡಿ ಮೂರು ಸಲ ಒಡೆದಿತ್ತು.

"ಗಾಡಿ ನಡಸ್ತಿಯೋ, ಡಿಕ್ಕಿ ಆಡ್ತಿಯೋ?" ಎಂದಿದ್ದ ಗಂಡ ಜ್ಞಾನದೇವ.

"ನಿಲ್ಲಿಸಿದಲ್ಲೇ ಯಾರೋ ತಾಗಿಸಿ ಹೋಗ್ಯಾರ" ಎಂದಿದ್ದಳು. ಪಕ್ಕದಲ್ಲಿ ನಿಲ್ಲುತ್ತಿದ್ದುದು ಸೋನಾಲಿಯ ಕಾರು.

ವಿಚಿತ್ರವೆಂದರೆ ಹೊಗಳಿಕೆ ಬರತೊಡಗಿದ್ದೂ ಈ ಎರಡು ತಿಂಗಳಲ್ಲೇ. "ಹೂ ಎಲ್ಲಾರೂ ಇಡ್ತಾರ. ಖಾಲಿ ಬಿಡಾಕ ಧೈರ್ಯ ಬೇಕು. ನೀಲಮಾಗ ಅದು ಬಂತು ನೋಡ್ರಿ" ಎಂದು ದ್ರೌಪದಿಬಾಯಿ ಅವಳ ಬಟ್ಟಲನ್ನು ಎಲ್ಲರಿಗೂ ತೋರಿಸಿದ್ದರು. ಅವಳು ಎಲ್ಲಿಯೂ ಖಾಲಿ ಬಿಟ್ಟಿರಲಿಲ್ಲ. ಯಾರೋ ಬಟ್ಟಲಿನಿಂದಲೂ ಹೂ ಕೀಳುತ್ತಿದ್ದಾರೆ. ಹೇಳಿದರೆ ಹೊಗಳಿಕೆ ಹೋಗುತ್ತಿತ್ತು. ಹೇಳಲಿಲ್ಲ.

ಇವತ್ತು ಹೇಳಲೇಬೇಕಿತ್ತು. ಬಿಳಿ ಹೂ ಇಲ್ಲದೆ ಈ ಜೋಡಣೆ ಪೂರ್ಣವಾಗುತ್ತಿರಲಿಲ್ಲ. ಮೇಜಿನ ಕೆಳಗೆ ಅವಳ ಪಾದ ತಾಳ ಹಾಕುತ್ತಲೇ ಇತ್ತು. ಕತ್ತರಿ ಕೆಳಗಿಟ್ಟಳು.

"ಸೋನಾಲಿ, ನನ್ನ ಹೂ ಕೊಡು."

"ಯಾವ ಹೂ ರೀ, ನೀಲಮಕ್ಕಾ?"

"ಬಿಳಿ ಸೇವಂತಿಗಿ. ಎರಡು."

ಸೋನಾಲಿ ತಟ್ಟೆಯ ಕಡೆ ನೋಡಿ ಕಿಸಕ್ಕನೆ ನಕ್ಕಳು. "ಚಾಷ್ಟಿ ಮಾಡಾಕತ್ತೀರೇನ್ರಿ? ನಮ್ಮ ಹೊಲದಾಗ ಹತ್ತು ಗುಂಟೆ ಸೇವಂತಿಗಿ ಐತಿ. ನಿಮ್ಮ ಎರಡು ಹೂ ಕದ್ದು ನಾ ಯಾವ ಮದುವಿ ಮಂಟಪ ಕಟ್ಲಿ?"

"ನಗಬ್ಯಾಡ. ಐದು ತಂದಿದ್ದೆ. ಮೂರು ಅದಾವ. ಬರದಿಟ್ಟೀನಿ, ನೋಡು."

ಸೋನಾಲಿಯ ನಗು ಅರ್ಧಕ್ಕೆ ನಿಂತಿತು. ಮಾತಾಡಲು ಬಾಯಿ ತೆರೆದಳು, ಮಾತಾಡಲಿಲ್ಲ. ಆ ಮೌನವೇ ಸಾಕಾಯಿತು ನೀಲಮಳಿಗೆ. ಸಿಕ್ಕಿಬಿದ್ದವರು ಹೀಗೇ ಸುಮ್ಮನಾಗುತ್ತಾರೆ.

ದ್ರೌಪದಿಬಾಯಿ ಎದ್ದು ಬಂದರು. ತಟ್ಟೆ ನೋಡಿದರು. ಬಟ್ಟಲು ನೋಡಿದರು. ನೀಲಮಳ ಮುಖವನ್ನು ಬಹಳ ಹೊತ್ತು ನೋಡಿದರು.

"ಮೂರನ ಏನ ನೀಲಮಾ? ಖರೇ ಹೇಳು."

"ಹೌದ್ರಿ ಬಾಯಾರ. ಮೂರನ."

"ನಾ ಎಂಥಾ ಹುಚ್ಚಿ" ಎಂದರು ದ್ರೌಪದಿಬಾಯಿ, ತಮಗೆ ತಾವೇ. "ಎರಡು ತಿಂಗಳು ಅದನ್ನ ಕಲಾ ಅಂದ್ಕೊಂತ ಕುಂತ್ನೆಲ್ಲ."

ಎಂಥ ಕಳ್ಳತನಕ್ಕೆ ಕಲೆಯ ಹೆಸರು! ಕೊನೆಗೂ ಅವರಿಗೆ ತಿಳಿಯಿತು ಎಂದು ನೀಲಮಳ ಎದೆ ಹಗುರಾಯಿತು.

"ಬೆಳಗಾವಿಗೆ ನೀಲಮಾನ ಹೋಗಾಕಿ" ಎಂದರು ದ್ರೌಪದಿಬಾಯಿ. "ಸೋನಾಲಿ, ಕಾರು ತಗಿ. ಜ್ಞಾನದೇವಗ ಫೋನ್ ಹಚ್ಚು. ಬೆಳಗಾವಿ ದವಾಖಾನಿ ಮುಂದನ ಬಂದ ನಿಲ್ಲಂತ ಹೇಳು."

"ದವಾಖಾನಿ ಯಾಕ್ರಿ? ಪ್ರದರ್ಶನ ಮುಂದಿನ ವಾರ ಐತಲ್ರಿ?" ಎಂದಳು ನೀಲಮ.

ದ್ರೌಪದಿಬಾಯಿ ಮೇಜಿನ ಮೇಲೆ ಬಾಗಿದರು. ಎರಡೂ ಕೈಯಿಂದ ತಟ್ಟೆಯ ಅಂಚು ಹಿಡಿದು, ಹೂ ಅಲುಗದಂತೆ, ನಿಧಾನವಾಗಿ ಅರ್ಧ ಸುತ್ತು ತಿರುಗಿಸಿದರು. ಎಡದ ತುದಿ ಬಲಕ್ಕೆ ಬಂತು.

ಬಿಳಿ ಹೂ ಎರಡೂ ತಟ್ಟೆಯಲ್ಲೇ ಇದ್ದವು. ಎಡಕ್ಕೆ ಸರಿದ ಹಳದಿಯವುಗಳಲ್ಲಿ ಮಾತ್ರ, ನೀಲಮಳ ಕಣ್ಣಿಗೆ, ಈಗ ಒಂದೇ ಉಳಿದಿತ್ತು.