ಮೇಷ್ಟ್ರ ಬಲಗಾಲು

“ಕಾರು ಓಡಿಸ್ತಿದ್ದವರು ನೀವೇ ತಾನೆ?” ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಮೂಳೆ ಡಾಕ್ಟರಮ್ಮ ಕೇಳಿದರು. “ಡಿಕ್ಕಿ ಹೊಡೆಯೋ ಹೊತ್ತಿಗೆ ಶಕ್ತಿಯೆಲ್ಲ ಹಾಕಿ ಬ್ರೇಕ್ ಒತ್ತಿದವರ ಪಾದ ಹೀಗೇ ಮುರಿಯೋದು. ನೋಡಿದ ಕೂಡಲೇ ಗೊತ್ತಾಗುತ್ತೆ.”

ಮಂಚದ ಮೇಲೆ ಮಲಗಿದ್ದ ಡ್ರೈವಿಂಗ್ ಸ್ಕೂಲ್ ಮೇಷ್ಟ್ರಿಗೆ ಕಾಲಿನ ನೋವಿಗಿಂತ ಈ ಪ್ರಶ್ನೆಯೇ ಹೆಚ್ಚು ಚುಚ್ಚಿತು. ಇಪ್ಪತ್ತೆರಡು ವರ್ಷ ಊರಿಗೆಲ್ಲ ಕಾರು ಕಲಿಸಿ, ಒಂದು ಗೀರೂ ಬೀಳದಂತೆ ನೋಡಿಕೊಂಡ ಆಸಾಮಿ. ಈಗ ಕಾರು ಹೋಗಿ ಬ್ಯಾಂಕಿನ ಗೇಟಿನ ಕಂಬಕ್ಕೆ ಗುದ್ದಿದೆ. ಹೂಂ ಅಂದರೆ ಹೆಸರು ಮಣ್ಣುಪಾಲು. ಊಹೂಂ ಅಂದರೋ, ಮತ್ತೆ ಒತ್ತಿದ್ದೇನು ಸ್ವಾಮಿ ಎಂಬ ಪ್ರಶ್ನೆ. ಅದಕ್ಕೆ ಉತ್ತರ ಹೊರಗೆ ಬೆಂಚಿನ ಮೇಲೆ ಕೂತ ಹೆಂಡತಿಯ ಕಿವಿಗೆ ಬಿದ್ದರೆ ಮುಗಿಯಿತು ಕಥೆ! ಲೈಸೆನ್ಸ್ ಬಂದ ಮೇಲೆ ಆಕೆ ಕಾರು ತೆಗೆದದ್ದು ಇವತ್ತೇ ಮೊದಲು. “ನಿನ್ನ ಮೇಲೆ ಪೂರ್ತಿ ನಂಬಿಕೆ ಇದೆ ಕಣೆ, ಪಕ್ಕದಲ್ಲಿ ಸುಮ್ಮನೆ ಕೂತಿರ್ತೀನಿ” ಎಂದು ಆಣೆ ಮಾಡಿಯೇ ಹೊರಟಿದ್ದರು ಮಹಾಶಯರು.

ಹೆಸರು ಹಾಳಾಗಲಿ, ಮನೆ ಉಳಿಯಲಿ ಅನ್ನಿಸಿತು. “ಹೂಂ, ನಾನೇ. ಹಾಗೇ ಬರ್ಕೊಳ್ಳಿ” ಎಂದರು.

ಬೆಂಚಿನಿಂದ ಎದ್ದು ಬಂದ ಹೆಂಡತಿ ಆಗಲೇ ಬಾಗಿಲಲ್ಲಿ ನಿಂತಿದ್ದಳು. “ಅಯ್ಯೋ, ಸುಳ್ಳು ಡಾಕ್ಟ್ರೇ! ಓಡಿಸಿದ್ದು ನಾನು. ನನ್ನ ಲೈಸೆನ್ಸ್ ಹೋದೀತು ಅಂತ ತಪ್ಪು ತಮ್ಮ ಮೇಲೆ ಹಾಕ್ಕೊಳ್ತಿದ್ದಾರೆ, ಪಾಪ!” ಆಕೆಯ ಕಣ್ಣು ತುಂಬಿ ಬಂತು. ಮದುವೆಯಾದಾಗಿನಿಂದ ಆಕೆ ಅವರನ್ನು ಅಷ್ಟು ಪ್ರೀತಿಯಿಂದ ನೋಡಿದ್ದೇ ಇಲ್ಲ. ಮೇಷ್ಟ್ರು ನೋವು ಮರೆತು ಹಿಗ್ಗಿದರು.

“ಹಾಗಾದ್ರೆ ಇವರು ಪಕ್ಕದಲ್ಲಿ ಕೂತು ಒತ್ತಿದ್ದೇನು?” ಡಾಕ್ಟರಮ್ಮ ಬಿಡುವ ಪೈಕಿ ಅಲ್ಲ.

ಮೇಷ್ಟ್ರು ಫ್ಯಾನು ನೋಡತೊಡಗಿದರು. “ಅದೂ... ಸ್ಕೂಲ್ ಕಾರಲ್ಲಿ ಕಲಿಸೋರ ಕಡೆಗೂ ಒಂದು ಬ್ರೇಕ್ ಇರುತ್ತೆ.”

“ನಮ್ಮ ಮನೆ ಕಾರಲ್ಲಿ ಇಲ್ವಲ್ರೀ!”

“ನನಗೆ ಗೊತ್ತು ಕಣೆ. ಕಾಲಿಗೆ ಗೊತ್ತಾಗ್ಲಿಲ್ಲ.”

ಹೆಂಡತಿ ಕಣ್ಣೊರೆಸಿಕೊಂಡು, ದೊಡ್ಡ ಮನಸ್ಸು ಮಾಡಿ, “ಹೋಗ್ಲಿ ಬಿಡಿ. ಕಂಬ ಎದುರಿಗೆ ಬಂದ್ರೆ ಯಾರಾದ್ರೂ ಒತ್ತಾರು. ಆಗ ತಾನೆ ನೀವು ಒತ್ತಿದ್ದು?” ಎಂದಳು.

ಹೂಂ ಅಂದುಬಿಟ್ಟಿದ್ದರೆ ಬಚಾವಾಗುತ್ತಿದ್ದರು. ಆದರೆ ಒಂದೇ ದಿನಕ್ಕೆ ಎರಡು ಸುಳ್ಳು ಆ ಬಾಯಿಗೆ ಬರಲಿಲ್ಲ.

“ಇಲ್ಲ ಕಣೆ. ನಮ್ಮನೆ ಗೇಟು ದಾಟಿದಾಗಿನಿಂದ ಒತ್ತಿದ ಕಾಲು ತೆಗೆದೇ ಇಲ್ಲ.”