ಹತ್ತು ಬೆರಳಿನ ಅಜ್ಜ

ತಾಂಬೂಲದ ತಟ್ಟೆಗೆ ಚಾಚಿದ ಕೈಯನ್ನು ಹುಡುಗನ ಸೋದರತ್ತೆ ರಾಮಾಂಜಿನಮ್ಮ ಹಾಗೇ ಹಿಂದಕ್ಕೆ ತೆಗೆದುಕೊಂಡಳು. ಅವಳ ಕಣ್ಣು ಗೋಡೆಯ ಮೇಲಿನ ಹಳೆಯ ಫೋಟೋ ಮೇಲೆ ನೆಟ್ಟಿತ್ತು. ದಪ್ಪ ಪೇಟ, ಎಡ ಹುಬ್ಬಿನ ಮೇಲೊಂದು ಮಚ್ಚೆ, ಮೊಳಕಾಲ ಮೇಲೆ ಅಗಲಿಸಿಟ್ಟ ಎರಡು ಕೈ.

"ಇವರು ಯಾರು?"

"ನಮ್ಮ ಅಜ್ಜರಿ. ಪಾಪಣ್ಣ ಅಂತ," ಎಂದ ಹುಡುಗಿಯ ತಂದೆ ರಂಗನಾಥ, ಹೆಮ್ಮೆಯಿಂದಲೇ.

"ನಮ್ಮ ತಾತ ಕಣ್ರಿ ಇವರು. ಕುರಿ ಮೇಯಿಸ್ಕೊಂಡು ಅಮರಾಪುರದಿಂದ ನಿಮ್ಮ ರಾಯದುರ್ಗದ ಕಡೆ ಬಂದಾಗ ತೆಗೆಸಿದ್ದು. ಇದೇ ಪಟ ನಮ್ಮನೇಲೂ ಐತೆ. ಬೆಡಗು ಬೇರೆ ಅಂದ್ರಿ. ಬೆಡಗು ಬೇರೆ ಆದ್ರೆ ತಾತ ಒಬ್ನೇ ಹೆಂಗಾದ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ವಿದ್ಯಾಶ್ರೀ ಹುಡುಗ ತಿರುಮಲೇಶನ ಮುಖ ನೋಡಿದಳು. ಅವನು ಅತ್ತೆಯ ಮುಖ ನೋಡಿದ. ಮುತ್ತಜ್ಜ ಒಬ್ಬನೇ ಆದರೆ ಬೆಡಗೂ, ಅಂದರೆ ವಂಶದ ಬಳ್ಳಿಯೂ, ಒಂದೇ, ಬೆಡಗು ಒಂದೇ ಆದರೆ ಇವರಿಬ್ಬರೂ ಅಣ್ಣ ತಂಗಿ. ನದಿಮೂಲ ಋಷಿಮೂಲ ಕೇಳಬಾರದು ಎನ್ನುವ ದೊಡ್ಡವರೇ ಹೆಣ್ಣು ಗಂಡಿನ ವಿಷಯ ಬಂದಾಗ ಮಾತ್ರ ಮೂಲವನ್ನು ಬೇರುಸಹಿತ ಕೀಳುತ್ತಾರೆ.

"ಹಂಗ ಆಗಾಕ ಸಾಧ್ಯ ಇಲ್ರೀ," ಎಂದ ರಂಗನಾಥ. ಜೀನ್ಸ್ ಹೊಲಿದು ಹೊಲಿದು ಒರಟಾದ ಬೆರಳನ್ನು ಅವನು ಫೋಟೋದ ಕಡೆ ಚಾಚಿದ. "ಮಾರ್ನಮಿ ಹಬ್ಬಕ್ಕ ಪ್ರತಿ ವರ್ಷ ಹಿರೇರಿಗೆ ನಾನ ಎಡೆ ಇಡ್ತೀನಿ. ನಮ್ಮ ಅಜ್ಜ ನನಗ ಗೊತ್ತಿಲ್ಲೇನ್ರಿ?"

"ಏಳೋ ತಿರುಮಲೇಶ. ಮೂಲ ಮುಚ್ಚಿಟ್ಟು ಹೆಣ್ಣು ಕೊಡೋ ಮನೆ ನಮಗೆ ಬ್ಯಾಡ."

ಮೂಲೆಯ ಚಾಪೆಯ ಮೇಲೆ ರಂಗನಾಥನ ತಾಯಿ ಸುಂಕಲಮ್ಮ ಕೂತಿದ್ದಳು. ಸತ್ತ ಗಂಡನಿಗೆ ಅವಳೊಂದು ಮಾತು ಕೊಟ್ಟಿದ್ದಳು. ಬಾಯಿ ಬಿಟ್ಟರೆ ಮಗನಿಗೆ ಅಜ್ಜ ಇಲ್ಲ. ಬಿಡದಿದ್ದರೆ ಮೊಮ್ಮಗಳಿಗೆ ಮದುವೆ ಇಲ್ಲ. ಈ ಸುದ್ದಿ ಸಂಜೆಯೊಳಗೆ ಗಂಡಿನವರ ಕಡೆಯ ಮಡಕಶಿರಾ ಮುಟ್ಟುತ್ತದೆ, ಆಮೇಲೆ ಈ ಹುಡುಗಿಯನ್ನು ಕೇಳಿಕೊಂಡು ಯಾರೂ ಬರುವುದಿಲ್ಲ. ತಿರುಮಲೇಶ್ ಚಪ್ಪಲಿ ಮೆಟ್ಟುತ್ತಿದ್ದ.

"ಕುಂದರ್ರಿ ತಾಯಿ," ಎಂದಳು ಸುಂಕಲಮ್ಮ. "ಒಂದು ಕಾಗದ ಐತಿ. ಅದನ್ನ ನೋಡಿ ಹೋಗ್ರಿ."

ಟ್ರಂಕಿನ ತಳದಿಂದ ತೆಗೆದ ಕಾಗದ ಮಡಿಕೆಯಲ್ಲಿ ಹರಿದಿತ್ತು. ಅವಳ ಮಾವ ಪಾಪಣ್ಣ ತನ್ನ ಅಣ್ಣಂದಿರೊಂದಿಗೆ ಹೊಲ ಹಂಚಿಕೊಂಡ ಪಾಲುಪತ್ರ. ಅದನ್ನು ಅವಳು ಮಗನಿಗೆ ಕೊಡಲಿಲ್ಲ, ತಿರುಮಲೇಶನ ಕೈಗಿಟ್ಟಳು. "ಹೆಬ್ಬೆಟ್ಟು ಒತ್ಯಾರಲ್ಲ, ಅಲ್ಲಿ ಓದಪ್ಪ. ಗಟ್ಟಿಯಾಗಿ ಓದು."

ಅವನು ತೆಲುಗು ಅಕ್ಷರಗಳ ಮೇಲೆ ಕಣ್ಣಾಡಿಸಿ ಕನ್ನಡದಲ್ಲಿ ಹೇಳಿದ. "ಮೂರು ಜನರ ಗುರುತು ಐತೆ. ಇಬ್ಬರದು ಎಡ ಹೆಬ್ಬೆಟ್ಟು. ಪಾಪಣ್ಣಂದು..." ತಡೆದ. "ಎಡಗೈ ಇಲ್ಲದ್ದರಿಂದ ಬಲ ಹೆಬ್ಬೆಟ್ಟು ಒತ್ತಿಸಿದೆ ಅಂತ ಬರೆದವ್ರೆ."

"ಈಗ ಪಟದಾಗ ಬೆರಳು ಎಣಸ್ರಿ," ಎಂದಳು ಸುಂಕಲಮ್ಮ.

ಎಣಿಸುವ ಅಗತ್ಯವೇ ಇರಲಿಲ್ಲ. ನಲವತ್ತೈದು ವರ್ಷ ಹಾರ ಹಾಕಿದ ಮನೆಗೆ ಆ ಹತ್ತು ಬೆರಳು ಇವತ್ತು ಕಂಡವು.

"ನಮ್ಮ ಮಾವನ ಕೈ ಗಾಣದಾಗ ಹೋಗಿತ್ತು. ಪಟ ತೆಗೆಸಬೇಕಂದ್ರ ಆತ ಓಡಿ ಹೋಗತಿದ್ದನಂತ. ಆತ ಸತ್ತ ಮ್ಯಾಲ ಹಬ್ಬಕ್ಕ ಎಲ್ಲಾರ ಮನ್ಯಾಗ ಪಟದ ಮುಂದ ಎಡೆ, ನಮ್ಮ ಮನ್ಯಾಗ ಚೊಂಬಿನ ಮುಂದ. ನಮ್ಮ ಮನಿಯವರಿಗೆ ತಡೀಲಿಲ್ಲ. ಇಲ್ಲೇ ರಾಯದುರ್ಗದ ಸ್ಟುಡಿಯೋದಾಗ ಯಾರೂ ಒಯ್ಯದ ಹೆಚ್ಚಿನ ಪಟ ಇದ್ವು, ಒಂದು ತಂದರು. ನನ್ನ ಮಗ ಎರಡು ಕೈ ಇರೋ ಅಜ್ಜನ್ನ ನೋಡ್ಲಿ, ಯಾರಿಗೂ ಹೇಳಬ್ಯಾಡ ಅಂದ್ರು."

ರಂಗನಾಥ ತಿರುಮಲೇಶನ ಕೈಯಿಂದ ಕಾಗದ ತೆಗೆದುಕೊಂಡ. ಬಲ ಹೆಬ್ಬೆಟ್ಟಿನ ಗುರುತಿನ ಮೇಲೆ ಬೆರಳಿಟ್ಟು ಕೇಳಿದ. "ಹಂಗಾರ ಅಜ್ಜ ಹೆಂಗಿದ್ದನಬೇ?"

"ನಾನೂ ನೋಡಿಲ್ಲಪ್ಪ. ನಾನು ಸೊಸಿಯಾಗಿ ಬರೋ ಹೊತ್ತಿಗೆ ಆತ ಇರಲಿಲ್ಲ."

ಅವನು ಕಾಗದದ ಮೇಲಿನ ಕಪ್ಪು ಗುರುತನ್ನೇ ನೋಡುತ್ತ ನಿಂತ. ಮಗನ ಆ ಮುಖವನ್ನು ನೋಡಲಾರದೆ ಸುಂಕಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಮ್ಮ ತಾತನ್ನ ನಮಗೆ ಕೊಟ್ಬಿಡಿ," ಎಂದಳು ರಾಮಾಂಜಿನಮ್ಮ. ದನಿಯಲ್ಲಿ ಸಿಟ್ಟು ಇನ್ನೂ ಇತ್ತು.

ರಂಗನಾಥ ಹಾರ ತೆಗೆದ, ಮೊಳೆಯಿಂದ ಫೋಟೋ ಇಳಿಸಿ ಅವಳ ಕೈಗೆ ಕೊಟ್ಟ. ಗಾಜಿನ ಮೇಲೆ ಬೆಳಗ್ಗೆ ಇಟ್ಟ ಕುಂಕುಮ ಇನ್ನೂ ಹಸಿಯಾಗಿತ್ತು. ಅವಳ ಹೆಬ್ಬೆರಳಿಗೆ ಹತ್ತಿತು. ಆ ಬೆರಳನ್ನು ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಫೋಟೋವನ್ನು ತಾನೇ ತಿರುಗಿ ಮೊಳೆಗೆ ನೇತುಹಾಕಿ, ಬಂದು ಕೂತು, ತಾಂಬೂಲದ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡಳು.

"ಇಲ್ಲೇ ಇರ್ಲಿ ಬಿಡಿ," ಎಂದಳು ತಲೆ ಎತ್ತದೆ. "ಹೊಸ ಮನೆ ಕಟ್ಟಿದಾಗ ನಾವು ಅವರನ್ನ ಅಟ್ಟಕ್ಕೆ ಹಾಕಿದ್ವಿ. ಹನ್ನೆರಡು ವರ್ಷ ಆಯ್ತು."