ಐದು ಚೀಟಿ

ವಿಶ್ವವಿದ್ಯಾಲಯದ ಆರೋಗ್ಯ ಮತ್ತು ಸಮಾಜಸೇವಾ ವಿಭಾಗಗಳ ಐವರು ಮುಖ್ಯಸ್ಥರ ಮುಂದೆ ಒಂದೊಂದು ಚೀಟಿ, ಒಂದೊಂದು ನೀಲಿ ಪೆನ್ನು ಇಡಿಸಿ ಕುಲಪತಿಗಳು ಹೇಳಿದರು:

"ಮುಂದಿನ ವರ್ಷದಿಂದ ನಾಲ್ಕೇ ವಿಭಾಗ. ಯಾವುದನ್ನ ಮುಚ್ಚಬಹುದು ಅಂತ ನೀವೇ ಬರೀರಿ. ಬರೆದವರ ಹೆಸರು ಬೇಡ."

ಸಮಾಜಕಾರ್ಯ ವಿಭಾಗದ ಶಾಂಭವಿ ಚೀಟಿಯನ್ನು ಮುಟ್ಟದೆ ಉಳಿದವರ ಮುಖ ನೋಡಿದಳು. ಈ ಸಲ ಅವಳ ವಿಭಾಗಕ್ಕೆ ಸೇರಿದ್ದು ಒಂಬತ್ತೇ ವಿದ್ಯಾರ್ಥಿಗಳು. ಎಲ್ಲರೂ ತನ್ನ ಕುತ್ತಿಗೆಗೇ ಕೈ ಹಾಕುವುದು ಖಂಡಿತ.

ಪಕ್ಕದಲ್ಲಿದ್ದ ನರ್ಸಿಂಗ್ ವಿಭಾಗದ ಫಿಲೋಮಿನಾ ಅವಳ ಕೈ ಅದುಮಿದಳು. "ಹೆದರ್ಬೇಡಿ ಮೇಡಂ. ಇನ್ನೊಬ್ಬರ ಹೆಸರು ಬರೆಯೋಕೆ ಯಾರಿಗೆ ಮನಸ್ಸು ಬರುತ್ತೆ?"

ನರ್ಸಿಂಗ್‌ನಲ್ಲಿ ಮೂರು ಹುದ್ದೆ ಖಾಲಿ ಬಿದ್ದಿದ್ದವು. ಯಾರಾದರೂ ಕಾರಣ ಕೇಳಿದರೆ ಅಷ್ಟು ಸಾಕು. ಶಾಂಭವಿ ದಿನದ ಅಭ್ಯಾಸದಂತೆ ಬ್ಯಾಗಿನಿಂದ ಪೆನ್ನು ತೆಗೆದಳು. ಅವಳು ಮುಖ್ಯಸ್ಥೆಯಾದ ದಿನ ಫಿಲೋಮಿನಾ ಕೊಟ್ಟ ಉಡುಗೊರೆ ಅದು. ಅಂಗೈಯಿಂದ ಮರೆಮಾಡಿ ಒಂದೇ ಪದ ಬರೆದು, ಚೀಟಿಯನ್ನು ನಾಲ್ಕಾಗಿ ಮಡಚಿ ಮುಂದೆ ತಳ್ಳಿದಳು.

ಕುಲಪತಿಗಳು ಒಂದೊಂದಾಗಿ ಬಿಚ್ಚಿದರು.

"ಖಾಲಿ. ಇದೂ ಖಾಲಿ. ಇದೂ... ಇದೂ."

ಐದನೆಯದನ್ನು ಬಿಚ್ಚಿ ಮೇಜಿನ ನಡುವೆ ಇಟ್ಟರು. 'ನರ್ಸಿಂಗ್' ಎಂಬ ಪದ ಹಚ್ಚಹಸಿರು ಶಾಯಿಯಲ್ಲಿ ಎಲ್ಲರಿಗೂ ಕಾಣುತ್ತಿತ್ತು.

"ಸರಿ, ಇದೇ ತೀರ್ಮಾನ. ಮಿಕ್ಕವರದು ತಕರಾರಿಲ್ಲ ಅಂತ ಬರ್ಕೋತೀವಿ. ಎಲ್ರೂ ಸಹಿ ಹಾಕಿ."

ನಡಾವಳಿ ಪುಸ್ತಕ ಮೊದಲು ಫಿಲೋಮಿನಾಳ ಮುಂದೆ ಬಂತು. ಅವಳು ನೀಲಿ ಪೆನ್ನನ್ನು ಪಕ್ಕಕ್ಕೆ ಸರಿಸಿ, ಶಾಂಭವಿಯತ್ತ ಕೈ ಚಾಚಿದಳು.

"ನಿಮ್ಮ ಪೆನ್ನು ಕೊಡಿ ಮೇಡಂ."